ನಾಯಿ ಮಾರ್ಕಿನ ಹಳೇ ಪ್ಲೇಟು ಯಾವ ಕಾಲದ್ದು ಅಂತ ಪತ್ತೆ ಮಾಡೋದು ಹೇಗೆ

ಅಟ್ಟದ ಮೇಲೋ ಹಳೇ ಟ್ರಂಕಲ್ಲೋ ಹೆಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್, ಗ್ರಾಮಫೋನ್ ಮುಂದೆ ನಾಯಿ ಕೂತಿರೋ ಮಾರ್ಕು) ಗ್ರಾಮಫೋನ್ ಪ್ಲೇಟು ಸಿಕ್ಕಿದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಈ ಕಂಪನಿ ನೂರು ವರ್ಷಕ್ಕೂ ಮೇಲಿನದು, ಅದರ ಹೆಸರು, ಚಿತ್ರ, ಊರು ಎಲ್ಲಾ ಬದಲಾಗ್ತಾ ಬಂದಿರೋದ್ರಿಂದ ಮಧ್ಯದ ಆ ದುಂಡನೆ ಕಾಗದ, ಅಂದ್ರೆ ಲೇಬಲ್, ನೋಡಿದ್ರೇನೇ ವಯಸ್ಸು ಹೆಚ್ಚುಕಮ್ಮಿ ಗೊತ್ತಾಗುತ್ತೆ.

ಮೊದ್ಲು ಕೈಲಿ ಹಿಡ್ಕೊಳ್ಳಿ. ಭಾರ ಇದ್ದು ಒಂಚೂರೂ ಬಗ್ಗದೇ ಇದ್ರೆ ಅರಗಿನದ್ದು, 78 ಸ್ಪೀಡಿಂದು (ನಿಮಿಷಕ್ಕೆ 78 ಸುತ್ತು), ಬಿದ್ರೆ ಚೂರು ಚೂರು. ಹಗುರ ಇದ್ದು 33 ಅಥವಾ 45 ಅಂತ ಬರೆದಿದ್ರೆ ವಿನೈಲ್, ಅಂದ್ರೆ ಒಂಥರಾ ಪ್ಲಾಸ್ಟಿಕ್ಕಿಂದು. ಆದ್ರೆ 78 ಅಂದ ತಕ್ಷಣ ಬ್ರಿಟಿಷರ ಕಾಲ ಅನ್ಕೋಬೇಡಿ, ನಮ್ಮಲ್ಲಿ 1960ರ ದಶಕದಲ್ಲೂ ಅವು ಬರ್ತಿದ್ವು, ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ.

ಆಮೇಲೆ ಚಿತ್ರ. ನಾಯಿ ಇಲ್ದೆ, ಗರಿ ಹಿಡ್ಕೊಂಡು ಬರೀತಾ ಕೂತಿರೋ ರೆಕ್ಕೆಯ ದೇವತೆ ಇದ್ರೆ ನಿಮಗೆ ಸಿಕ್ಕಿರೋದು ತುಂಬಾ ಹಳೇದು. 1898ರಲ್ಲಿ ಲಂಡನ್‌ನಲ್ಲಿ ಶುರುವಾದ ಗ್ರಾಮಫೋನ್ ಕಂಪನಿ (ಹೆಚ್‌ಎಂವಿ ಇದರದ್ದೇ ಮಾರ್ಕು) 1902ರ ನವೆಂಬರಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ಇಂಜಿನಿಯರನ್ನ ಕಲ್ಕತ್ತಕ್ಕೆ ಕಳಿಸಿ ಗಾಯಕಿ ಗೌಹರ್ ಜಾನ್ ಹಾಡು ರೆಕಾರ್ಡ್ ಮಾಡಿಸ್ತು. ಆಗ ಇಲ್ಲಿ ಫ್ಯಾಕ್ಟರಿ ಇರ್ಲಿಲ್ಲ, ಪ್ಲೇಟು ಒತ್ತೋಕೆ ಜರ್ಮನಿಯ ಹ್ಯಾನೋವರ್‌ಗೆ ಹೋಗ್ಬೇಕಿತ್ತು, ಅಲ್ಲಿಯವರಿಗೆ ಯಾರ ಹಾಡು ಅಂತ ತಿಳೀಲಿ ಅಂತಾನೇ ಆಯಮ್ಮ ಕೊನೇಲಿ ಇಂಗ್ಲಿಷಲ್ಲಿ ತನ್ನ ಹೆಸರು ಕೂಗಿ ಹೇಳ್ತಿದ್ರು. ಕಲ್ಕತ್ತದ ಸಿಯಾಲ್ದಾದಲ್ಲಿ ಫ್ಯಾಕ್ಟರಿ ಬಂದಿದ್ದು 1908ರಲ್ಲಿ, ಅಲ್ಲೇ ಹತ್ರದ ಡಂಡಂ ಫ್ಯಾಕ್ಟರಿ ಆಮೇಲಿಂದು. ಹಂಗಾಗಿ ಲೇಬಲ್ ಮೇಲೆ ಹ್ಯಾನೋವರ್ ಅಂತಿದ್ದು ಒಂದೇ ಕಡೆ ಹಾಡಿದ್ರೆ ಅದನ್ನ ಜೋಪಾನ ಮಾಡಿ.

ನಾಯಿ ಇದ್ರೆ ಅಂಚಿನ ಸಣ್ಣ ಅಕ್ಷರ ಓದಿ. ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಅಂತಿದ್ರೆ 1946ರ ನಂತರದ್ದು, ಜೊತೆಗೆ ಪ್ರೈವೇಟ್ ಅಂತಾನೂ ಇದ್ರೆ ಸಾಮಾನ್ಯವಾಗಿ 1968ಕ್ಕೆ ಮುಂಚಿಂದು, ಯಾಕಂದ್ರೆ ಆ ವರ್ಷ ಅದು ಪಬ್ಲಿಕ್ ಕಂಪನಿ ಆಯ್ತು. ಅದೇ ಕಂಪನಿಗೆ ಸಾರೆಗಾಮ ಅನ್ನೋ ಹೆಸರು ಬಂದಿದ್ದು 2000ದಲ್ಲಿ.

ಇಲ್ಲಿ ಒಂದು ವಿಷ್ಯ ತಲೇಲಿಟ್ಕೊಳ್ಳಿ, ಲೇಬಲ್ ಹೇಳೋದು ಪ್ಲೇಟು ಒತ್ತಿದ ಕಾಲ, ಹಾಡಿದ ಕಾಲ ಅಲ್ಲ. ಚೆನ್ನಾಗಿ ಓಡೋ ಹಾಡನ್ನ ವರ್ಷಗಟ್ಟಲೆ ಮತ್ತೆ ಮತ್ತೆ ಒತ್ತೋರು. ಅದಕ್ಕೆ ಪ್ಲೇಟನ್ನ ಕಿಟಕಿ ಹತ್ರ ಓರೆಯಾಗಿ ಹಿಡಿದು, ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗೋ ಆ ಖಾಲಿ ಜಾಗ ನೋಡಿ, ಅಲ್ಲಿ ಕೆತ್ತಿರೋ ನಂಬರ್ ಆ ರೆಕಾರ್ಡಿಂಗಿಂದು. ಎರಡೂ ಕಡೆದು ಬೇರೆ ಬೇರೆ ಇರುತ್ತೆ, ಎರಡನ್ನೂ ಬರ್ಕೊಳ್ಳಿ, ಕಲೆಕ್ಟರ್‌ಗಳು ಮೊದ್ಲು ಕೇಳೋದೇ ಅದು.

ಲೇಬಲ್ ಮೇಲಿನ ಗಾಯಕರ ಹೆಸರು ಗೊತ್ತಿಲ್ಲ ಅಂತ ಪಕ್ಕಕ್ಕಿಡ್ಬೇಡಿ. ಗಾಂಧಾರಿ ಅಂತ ಇದ್ರೆ ಅದು ಚಿಕ್ಕ ವಯಸ್ಸಿನ ಗಂಗೂಬಾಯಿ ಹಾನಗಲ್, ಗಂಟಲಿನ ಆಪರೇಷನ್ ಆಗೋಕೆ ಮುಂಚಿನ ಸಣ್ಣ ದನಿ, ನಾವು ಕೇಳಿ ಬೆಳೆದ ಗಂಗಜ್ಜಿ ಕಂಠವೇ ಅಲ್ಲ ಅನ್ಸುತ್ತೆ!

ಕೇಳೋಕೆ ಮನಸ್ಸಾದ್ರೆ 78ಕ್ಕೆ ಎಲ್‌ಪಿ (33 ಸ್ಪೀಡಿನ ವಿನೈಲ್) ಮುಳ್ಳು ಹಾಕ್ಬೇಡಿ, ಅದರ ಗೆರೆ ಅಗಲ, ದಪ್ಪ ಮುಳ್ಳೇ ಬೇಕು. ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತೆ. ಒಣಗಿದ ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೆದು, ಒಂದ್ರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಸಿ ಇಡಿ.