ಫೋನ್ ಕೊಳ್ಳುವ ಮುನ್ನ ಬಿಸಿಲಿಗೆ ಹಿಡಿದು ನೋಡಿ

ಹೊಸ ಸ್ಮಾರ್ಟ್‌ಫೋನ್‌ಗಾಗಿ ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಹೊರಟಿರುವವರು, ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗುವ ಮೊದಲು, ಆ ಮಾದರಿಗೆ ಇನ್ನೆಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ (ತಂತ್ರಾಂಶದ ಲೋಪಗಳನ್ನು ಮುಚ್ಚುವ ತಿದ್ದುಪಡಿ) ಸಿಗುತ್ತದೆ ಎಂಬುದನ್ನು ತಯಾರಕರ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಗೂಗಲ್ ಪಿಕ್ಸೆಲ್ 8 ಹಾಗೂ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ 7 ವರ್ಷಗಳ ಭರವಸೆಯಿದೆ. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಅಷ್ಟು ಇರುವುದಿಲ್ಲ. ಈ ಅವಧಿಯನ್ನು ಸಾಮಾನ್ಯವಾಗಿ ನಾವು ಕೊಂಡ ದಿನದಿಂದಲ್ಲ, ಮಾದರಿಯು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುವುದರಿಂದ, ಹಬ್ಬದ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಫೋನು ಬೆಲೆಯಲ್ಲಿ ಉಳಿಸಿದ್ದನ್ನು ಆಯಸ್ಸಿನಲ್ಲಿ ಕಳೆಯಬಹುದು.

ಅಂಗಡಿಯ ದೀಪದಡಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಕಳೆದ ಬಾರಿ ನಾನು ಮೆಚ್ಚಿಕೊಂಡ ಫೋನನ್ನು, ಅಂಗಡಿಯ ಹುಡುಗನ ಒಪ್ಪಿಗೆ ಪಡೆದು, ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲ ಬಳಿ ಹಿಡಿದು ನೋಡಿದಾಗ, ಪರದೆಯಲ್ಲಿ ಕಂಡದ್ದು ನನ್ನ ಮುಖವೇ ಹೊರತು ಅಕ್ಷರಗಳಲ್ಲ. ಹೊಲದಲ್ಲೋ ಬಸ್ ನಿಲ್ದಾಣದಲ್ಲೋ ಫೋನ್ ಬಳಸುವವರು ಈ ಪರೀಕ್ಷೆಯನ್ನು ಬಿಡಬಾರದು.

ಫೋಟೊ, ಆ್ಯಪ್‌ಗಳನ್ನು ಉಳಿಸಿಡುವ ಮೆಮೊರಿ (ಸ್ಟೋರೇಜ್) 128 ಜಿಬಿಗಿಂತ ಕಡಿಮೆ ಬೇಡ. ಅದರಲ್ಲಿ ಒಂದಷ್ಟು ಪಾಲನ್ನು ಫೋನಿನ ಸ್ವಂತ ತಂತ್ರಾಂಶವೇ ನುಂಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, *#06# ಒತ್ತಿದಾಗ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ, ಫೋನು ಕಳವಾಗಿ ನಿರ್ಬಂಧಕ್ಕೆ ಒಳಗಾದದ್ದಲ್ಲ ಎಂದು ಪರಿಶೀಲಿಸಿದ ಮೇಲೆಯೇ ಹಣ ಕೊಡಿ.