ಶನಿವಾರ ಸಂಜೆ ಸಿಗುವ ಹಿರಿಯ

ತೀರ್ಥಹಳ್ಳಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿಕೊಡುವುದು. ಮಳೆ ನಿಂತು ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ ಬಂತೆಂದರೆ, ವೋಲ್ಟೇಜ್ ಸಾಲದೆ ಸುಟ್ಟುಹೋದ ಪಂಪ್‌ಸೆಟ್‌ಗಳು ಬಾಗಿಲಲ್ಲಿ ಸಾಲುಗಟ್ಟುತ್ತವೆ. ಆ ಗಡಿಬಿಡಿಯ ನಡುವೆಯೂ ಶನಿವಾರ ಸಂಜೆಯನ್ನು ಒಬ್ಬ ಹುಡುಗನಿಗೆಂದು ಮೀಸಲಿಡುತ್ತಾ ಬಂದಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಕುಳಿತವನು, ಅಪ್ಪನ ಕುಡಿತಕ್ಕೆ ಹೆದರಿ ರಾತ್ರಿಯವರೆಗೆ ಬಸ್‌ ನಿಲ್ದಾಣದಲ್ಲಿ ಅಲೆಯುವವನು, ಸುಗ್ಗಿಯಲ್ಲಿ ಅಡಿಕೆ ಸುಲಿದು ಗಳಿಸಿದ್ದನ್ನು ಮೊಬೈಲ್ ಬೆಟ್ಟಿಂಗ್‌ಗೆ ಸುರಿದವನು. ಇಂಥವರಿಗೆ ಬುದ್ಧಿ ಹೇಳುವವರಿಗೆ ಊರಿನಲ್ಲಿ ಬರವಿಲ್ಲ. ಮುಂದಿನ ವಾರವೂ ಕೈಗೆ ಸಿಗುವ ಹಿರಿಯರಿಗೆ ಮಾತ್ರ ತುಂಬ ಬರ.

ಹದಿನಾರರ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದು, “ಇವನಿಗೆ ನಾಲ್ಕು ಮಾತು ಹೇಳಿ ಅಣ್ಣ” ಎಂದರು. ನಾನು ಹೇಳಲಿಲ್ಲ. ಸುಟ್ಟ ಸ್ಟೇಟರ್ (ಮೋಟರಿನ ತಿರುಗದ ಹೊರಭಾಗ) ಒಂದನ್ನು ಅವನ ಮುಂದಿಟ್ಟು ಹಳೆಯ ತಾಮ್ರದ ತಂತಿ ಬಿಚ್ಚಲು ತೋರಿಸಿದೆ. ಪ್ರತಿ ಕಾಯಿಲ್‌ನ ಸುತ್ತುಗಳನ್ನು ಎಣಿಸಿ ಬರೆದುಕೊಳ್ಳಬೇಕು, ಅದೇ ಗೇಜಿನ, ಅಂದರೆ ಅದೇ ದಪ್ಪದ ಹೊಸ ತಂತಿಯನ್ನು ಅಷ್ಟೇ ಸುತ್ತಬೇಕು. ತಂತಿ ಕೂರುವ ಸ್ಲಾಟ್‌ಗಳಲ್ಲಿ ಇನ್ಸುಲೇಷನ್ ಕಾಗದವನ್ನು ಅಂಚು ಮಡಚಿ ಕೂರಿಸದಿದ್ದರೆ ತಂತಿಯ ಮೇಲಿನ ಲೇಪ ಗೀಚಿಹೋಗುತ್ತದೆ. ಇಬ್ಬರ ಕಣ್ಣೂ ಕೈಕೆಲಸದ ಮೇಲೇ ಇರಬೇಕಾದ್ದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹದಿಹರೆಯದ ಹುಡುಗರು ಬಾಯಿ ಬಿಡುವುದು ಹಾಗಿದ್ದಾಗಲೇ ಎಂಬುದು ನನ್ನ ಅನುಭವ.

ಎಷ್ಟೋ ವಾರ ಅವನು ಎಣಿಕೆ ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಸಂಜೆ ಕಾಗದ ಮಡಚುತ್ತಲೇ, “ಅಣ್ಣ, ನಾನು ಫೇಲಾದದ್ದಲ್ಲ. ಗಣಿತ ಪರೀಕ್ಷೆಗೆ ಹೋಗಲೇ ಇಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ದೊಡ್ಡ ಗಲಾಟೆಯಾಗಿತ್ತು” ಎಂದ. “ಹೌದಾ ಮಾರಾಯ” ಎಂದು ಇನ್ನೊಂದು ಕಾಗದ ಅವನತ್ತ ಸರಿಸಿದೆ. ಉಳಿದದ್ದನ್ನು ಅವನೇ ಹೇಳಿದ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮುಂದಿನದಕ್ಕೆ ಹೆಸರು ನೋಂದಾಯಿಸಲು ಶಾಲೆಗೆ ಅವನ ಜೊತೆ ನಾನೂ ಹೋದೆ.

ಕೆಲವು ಕಟ್ಟುಪಾಡುಗಳನ್ನು ಬಿಡುವುದಿಲ್ಲ. ಹುಡುಗ ನನ್ನ ಕೆಲಸದಾಳಲ್ಲ, ಇದನ್ನು ತಾಯಿಗೂ ಅವನಿಗೂ ಮೊದಲೇ ಹೇಳುತ್ತೇನೆ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 18ರವರೆಗೆ ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ ಎನ್ನುತ್ತದೆ ಕಾನೂನು. ವಾರ್ನಿಷ್ ಹಚ್ಚುವುದು, ಕರೆಂಟ್ ಕೊಟ್ಟು ಪರೀಕ್ಷಿಸುವುದು ನನ್ನ ಪಾಲಿಗೆ. ಶಟರ್ ಪೂರ್ತಿ ಮೇಲಿರುತ್ತದೆ, ರಸ್ತೆಯಲ್ಲಿ ಹೋಗುವವರಿಗೆ ನಾವಿಬ್ಬರೂ ಕಾಣುತ್ತಿರಬೇಕು. “ಯಾರಿಗೂ ಹೇಳುವುದಿಲ್ಲ” ಎಂಬ ಭಾಷೆಯನ್ನು ಕೊಡುವುದಿಲ್ಲ. ಹುಡುಗನ ಮೈಮೇಲೆ ಬಾಸುಂಡೆ ಕಂಡರೆ 1098ಕ್ಕೆ ಕರೆ ಮಾಡಲೇಬೇಕು. ಮಕ್ಕಳ ಸಹಾಯವಾಣಿ ಇರುವುದೇ ಅದಕ್ಕೆ. ಅದನ್ನು ಹುಡುಗನಿಗೆ ತಿಳಿಸಿಯೇ ಮಾಡುತ್ತೇನೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹಗಳಲ್ಲಿ ಬೆಳೆದೂ ನೆಟ್ಟಗೆ ನಿಂತವರ ಹಿಂದೆ ಅಕ್ಕರೆಯ ಹಿರಿಯರೊಬ್ಬರು ಇದ್ದದ್ದು ಮತ್ತೆ ಮತ್ತೆ ಕಂಡಿತು. ಅಜ್ಜಿ, ಮೇಷ್ಟರು, ನೆರೆಯವರು, ಯಾರಾದರೂ. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿರಿಯರೊಬ್ಬರ ಜೊತೆಗಿನ ವರ್ಷ ದಾಟಿದ ಒಡನಾಟದಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು, ಬೇಗ ಮುರಿದುಬಿದ್ದ ಒಡನಾಟದಿಂದ ಅವರ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಿತ್ತು. ಅಪ್ಪನೇ ಕೈಬಿಟ್ಟ ಹುಡುಗನಿಗೆ ಇನ್ನೊಬ್ಬರೂ ಕೈಬಿಟ್ಟರೆ ಹೇಗಾದೀತು! ಅದಕ್ಕೇ ಒಂದು ಸಲಕ್ಕೆ ಒಬ್ಬನೇ ಹುಡುಗ. ಮದುವೆ, ತಿಥಿ ಎಂದು ಶನಿವಾರ ತಪ್ಪುವಂತಿದ್ದರೆ ಹಿಂದಿನ ವಾರವೇ ಹೇಳುತ್ತೇನೆ.

ಆ ಹುಡುಗ ಗಣಿತ ಪಾಸು ಮಾಡಿ ಈಗ ಶಿವಮೊಗ್ಗದಲ್ಲಿ ಎಲೆಕ್ಟ್ರಿಷಿಯನ್ ಐಟಿಐ ಓದುತ್ತಿದ್ದಾನೆ. ಎರಡು ವರ್ಷದ ಕೋರ್ಸ್. ಹೊರಡುವ ಮೊದಲೇ ಅವನನ್ನು ಅಲ್ಲಿನ ನನ್ನ ಹಳೆಯ ಸಹೋದ್ಯೋಗಿಯ ಅಂಗಡಿಗೆ ಕರೆದೊಯ್ದು ಪರಿಚಯಿಸಿದ್ದೆ. ಅವರು ಹಬ್ಬಕ್ಕೆ ಊಟಕ್ಕೆ ಕರೆಯುತ್ತಾರೆ, ಹಾಜರಾತಿ ವಿಚಾರಿಸುತ್ತಾರೆ. ತಂದೆಯ ಕುಡಿತ ನಿಂತಿಲ್ಲ. ಆದರೂ ಎದುರು ಸಿಕ್ಕಾಗ ಮಗನ ಸುದ್ದಿಯನ್ನು ಅವರಿಗೆ ಹೇಳುತ್ತೇನೆ. ಕಳೆದ ಬಾರಿ ಸಿಕ್ಕಾಗ, ಅವನ ಕಾಲೇಜು ಬಸ್‌ ನಿಲ್ದಾಣದಿಂದ ಎಷ್ಟು ದೂರ ಎಂದು ಕೇಳಿದರು.