ಸ್ಪಿಟ್‌ಫೈರ್‌ನ ಹದಿನೈದು ಸೆಕೆಂಡು

1940ರ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1ರಲ್ಲಿ ಎಂಟು .303 ಇಂಚಿನ ಬ್ರೌನಿಂಗ್ ಮೆಷಿನ್ ಗನ್‌ಗಳು, ಒಂದೊಂದಕ್ಕೆ 300 ಗುಂಡು. ಬಟನ್ ಒತ್ತಿ ಹಿಡಿದರೆ ಹದಿನೈದು ಸೆಕೆಂಡಿಗೆಲ್ಲ ಖಾಲಿ. ಸಿಮ್ಯುಲೇಟರ್‌ನಲ್ಲಿ ಇದನ್ನು ಹಾರಿಸಲು ಕೂತಾಗ ನಾನು ಮೊದಲು ನೆನೆಯುವುದು ಈ ಲೆಕ್ಕವನ್ನೇ. ಜರ್ಮನಿಯ ವಾಯುದಾಳಿಯನ್ನು ಎದುರಿಸಿದ ಬ್ರಿಟನ್ ಕದನದ ಪೈಲಟ್‌ಗಳ ಜಾಣ್ಮೆಯಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಈ ಕೊರತೆಯಿಂದ ಅನ್ನುವುದು ನನ್ನ ಎಣಿಕೆ. ಗಿರಕಿ ಹೊಡೆಯುವ ಕಸರತ್ತೆಲ್ಲ ಆಮೇಲಿನದು.

ಎಂಟೂ ಗನ್‌ಗಳ ಗುಂಡು ಒಂದೆಡೆ ಕೂಡುವ ದೂರವನ್ನು ಶುರುವಿನಲ್ಲಿ 400 ಗಜಕ್ಕೆ ಇಟ್ಟಿದ್ದರು. ನುರಿತ ಪೈಲಟ್‌ಗಳು ಅದನ್ನು 250ಕ್ಕೆ ಇಳಿಸಿಕೊಂಡರು. ನನ್ನದೂ ಅಷ್ಟೇ. ಗುರಿ ಹಿಡಿಯಲು ಗಾಜಿನ ಮೇಲೆ ಬೆಳಕಿನ ವೃತ್ತ, ಗೆರೆ ಮೂಡಿಸುವ ಗನ್‌ಸೈಟಿನಲ್ಲಿ ತಿರುಗಿಸುವ ಎರಡು ಬಳೆ. ಒಂದರಲ್ಲಿ ದೂರ 250 ಗಜ, ಇನ್ನೊಂದರಲ್ಲಿ ಎದುರಾಳಿಯ ರೆಕ್ಕೆಯಗಲ: ಜರ್ಮನ್ ಫೈಟರ್ ಮೆಸರ್‌ಶ್ಮಿಟ್ 109ಕ್ಕೆ 32 ಅಡಿ, ಬಾಂಬರ್ ಹೈಂಕೆಲ್ 111ಕ್ಕೆ 74. ಗಾಜಿನ ಮೇಲೆ ಕಾಣುವ ಅಡ್ಡಗೆರೆಯ ನಡುವಿನ ತೆರಪನ್ನು ರೆಕ್ಕೆಗಳು ತುಂಬಿದಾಗ ದೂರ ಸರಿಯಾಯಿತು. ಹೈಂಕೆಲ್‌ಗೆಂದು ಹೊಂದಿಸಿಟ್ಟು 109ರ ಬೆನ್ನು ಹತ್ತಿದರೆ, ತೆರಪು ತುಂಬುವ ಹೊತ್ತಿಗೆ ಸುಮಾರು 110 ಗಜದಷ್ಟು ಹತ್ತಿರ ಹೋಗಿರುತ್ತೀರಿ.

ಹೊಸಬರು ಸೋಲುವುದು ಮುಂಗುರಿಯಲ್ಲಿ, ಅಂದರೆ ಓಡುವ ವಿಮಾನಕ್ಕಿಂತ ಮುಂದಕ್ಕೆ ಗುರಿಯಿಡುವುದರಲ್ಲಿ. 250 ಗಜ ದಾಟಲು ಗುಂಡಿಗೆ ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಗಂಟೆಗೆ 300 ಮೈಲಿ ವೇಗದ ವಿಮಾನ ತನ್ನ ಐದು ಪಟ್ಟು ಉದ್ದ ಮುಂದೆ ಹೋಗಿರುತ್ತದೆ. ಸೈಟಿನ ವೃತ್ತದ ಒಂದು ತ್ರಿಜ್ಯ ಅಂದರೆ ನಮ್ಮೆದುರು ಅಡ್ಡಲಾಗಿ ಗಂಟೆಗೆ 100 ಮೈಲಿ ವೇಗ. ನೇರ ಅಡ್ಡ ಹಾಯುವವನಿಗೆ ಮೂರು ತ್ರಿಜ್ಯ ಮುಂದೆ ಹಿಡಿಯಬೇಕು, 30 ಡಿಗ್ರಿ ಕೋನದಲ್ಲಿದ್ದರೆ ಒಂದೂವರೆ, 10 ಡಿಗ್ರಿಯಲ್ಲಿ ಅರ್ಧ. ಒಂದೂವರೆ ತ್ರಿಜ್ಯ ಮುಂದೆ ಗುರಿಯಿಡಲು ಕಣ್ಣು ಒಪ್ಪುವುದೇ ಇಲ್ಲ, ಯಾವಾಗಲೂ ಕಡಿಮೆ ಹಿಡಿಯುತ್ತದೆ. ಹಾಗಾಗಿ ಬಾಲದ ಹಿಂದಕ್ಕೇ ಹೋಗಿ ಕೋನ ಕಿರಿದು ಮಾಡಿಕೊಳ್ಳುವುದು ವಾಸಿ. ಒಂದೆರಡು ಸೆಕೆಂಡು ಹೊಡೆದು ನಿಲ್ಲಿಸಿ.

ಗುರಿ ಸರಿಯಿದ್ದೂ ಗುಂಡು ಪಕ್ಕಕ್ಕೆ ಹೋದರೆ, ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಸ್ಲಿಪ್ ಮುಳ್ಳು ನೋಡಿ. ಡೈವ್‌ನಲ್ಲಿ, ಅಂದರೆ ಕೆಳಕ್ಕೆ ಧುಮುಕುವಾಗ, ವೇಗ ಏರಿದಂತೆ ಮೂತಿ ಪಕ್ಕಕ್ಕೆ ವಾಲುತ್ತದೆ. ಮೂತಿ ಎಡಬಲಕ್ಕೆ ತಿರುಗಿಸುವ ರಡರ್ ಪೆಡಲ್ ಒತ್ತಿ ಮುಳ್ಳನ್ನು ನಡುವೆ ತರದೆ ಬಟನ್ ಮುಟ್ಟುವುದೇ ದಂಡ.

ಡೈವ್‌ಗೂ ಒಂದು ಕ್ರಮವಿದೆ. ಸ್ಟಿಕ್ಕನ್ನು ಸುಮ್ಮನೆ ಮುಂದಕ್ಕೆ ತಳ್ಳಿದರೆ ಸ್ಪಿಟ್‌ಫೈರ್‌ನ ಮರ್ಲಿನ್ ಇಂಜಿನ್ನಿಗೆ ಪೆಟ್ರೋಲು ಊಡಿಸುವ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲು ಮೇಲೆದ್ದು ಇಂಜಿನ್ ಕೆಮ್ಮುತ್ತದೆ. 109ಕ್ಕೆ ಇಂಧನ ಇಂಜೆಕ್ಷನ್ ಇದ್ದುದರಿಂದ ಅದು ನಿರಾಳವಾಗಿ ಮೂತಿ ತಗ್ಗಿಸಿ ಪಾರಾಗುತ್ತಿತ್ತು. ಅರ್ಧ ಉರುಳಿ ತಲೆಕೆಳಗಾಗಿ, ಆಮೇಲೆ ಸ್ಟಿಕ್ ಎಳೆದುಕೊಂಡೇ ಡೈವ್‌ಗೆ ಇಳಿಯಿರಿ. ಬೆನ್ನಟ್ಟುವಾಗ ಅಂತರ ಕೊಂಚ ಹೆಚ್ಚುತ್ತದೆ, ಆದರೆ ಇಂಜಿನ್ ನಿಲ್ಲುವುದಿಲ್ಲ.

ಇಷ್ಟೆಲ್ಲ ಆಗುವಾಗಲೂ ಕತ್ತು ತಿರುಗುತ್ತಲೇ ಇರಬೇಕು. ಪೈಲಟ್‌ಗಳ ರೇಷ್ಮೆ ಸ್ಕಾರ್ಫು ಶೋಕಿಗಲ್ಲ, ಕಾಲರಿಗೆ ಉಜ್ಜಿ ಕತ್ತು ಸುಲಿಯದಿರಲಿ ಎಂದು. ಸೂರ್ಯನನ್ನು ಹೆಬ್ಬೆರಳಿಂದ ಮುಚ್ಚಿ ಅದರ ಅಂಚು ಹುಡುಕುತ್ತಿದ್ದರು. ಕಾಕ್‌ಪಿಟ್ಟಿನ ಗಾಜಿನ ಮೇಲೆ ಜರುಗದೆ ನಿಂತಲ್ಲೇ ದಪ್ಪವಾಗುವ ಚುಕ್ಕೆ ಕಂಡರೆ ಅದು ನಿಮ್ಮತ್ತಲೇ ಬರುತ್ತಿದೆ. ಓಡಬೇಡಿ, ಅದರತ್ತಲೇ ತಿರುಗಿ. ಕದನದ ಜಾಗದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನೇರವಾಗಿ ಹಾರಕೂಡದು.

ಕೆಲವರು ಗುಂಡಿನ ಪಟ್ಟಿಯ ಕೊನೆಯಲ್ಲಿ ಬೆಳಕು ಬಿಡುವ ಟ್ರೇಸರ್ ಗುಂಡು ಹಾಕಿಸಿಕೊಳ್ಳುತ್ತಿದ್ದರು. ಅದು ಹೊರಬಿತ್ತೆಂದರೆ ಮನೆಗೆ ಹೊರಡುವ ಹೊತ್ತು. ತೊಂದರೆಯೇನೆಂದರೆ, ಮಾಗಿದ ಎದುರಾಳಿಗೂ ಅದರ ಅರ್ಥ ಗೊತ್ತಾಗಬಹುದು.